ವಾಡೆಗೆ ಬೇಕಾದ್ದು ಬರೀ ಅನುದಾನವಲ್ಲ

ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿ (1861–1906) ಬ್ರಿಟಿಷರ ಕಾಲದ ದೇಸಗತಿ ಮನೆತನದವರು. ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟರು. ಅವರ ವಾಡೆಯ ಮಾತು ಬಂದಾಗ ನಾವು ಕೇಳೋದು ಒಂದೇ: ಸರ್ಕಾರದಿಂದ ಎಷ್ಟು ಬಂತು?

ನನಗೆ ಈ ಪ್ರಶ್ನೆಯೇ ಸಾಲದು ಅನ್ಸುತ್ತೆ. ಅನುದಾನ ಒಮ್ಮೆ ಬರುತ್ತೆ, ಮಳೆ ಪ್ರತಿವರ್ಷ ಬರುತ್ತೆ. ಸಾಫ್ಟ್‌ವೇರ್‌ನಂತೆ ಕಟ್ಟಡಕ್ಕೂ ಮೇಂಟೆನೆನ್ಸೇ ಜೀವ. ಗಾರೆಯ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು ಗೋಡೆ ಹಾಳಾಗುತ್ತೆ. ಇದು ಟೆಂಡರಿಗೆ ಗೊತ್ತಿಲ್ಲ, ಊರಿನ ಹಳೇ ಗೌಂಡಿಗೆ ಗೊತ್ತು.

ಮೈಸೂರಿನ ಆರ್.ಕೆ. ನಾರಾಯಣ್ ಮನೆ 2011ರಲ್ಲಿ ಉಳಿದದ್ದು ಜನ ದನಿ ಎತ್ತಿದ್ದಕ್ಕೆ. ದುಡ್ಡು ಆಮೇಲೆ ಬಂತು.

ದೇಸಾಯರ ಟ್ರಸ್ಟಿನ ವಿದ್ಯಾರ್ಥಿವೇತನದಲ್ಲಿ ಓದಿದವರೇ, ವರ್ಷಕ್ಕೊಂದು ದಿನದ ಸಂಬಳ ಕೊಡಿ. ಕೆಲಸ ಊರ ಗೌಂಡಿಗೆ, ಲೆಕ್ಕ ಪಂಚಾಯ್ತಿ ಬೋರ್ಡಿಗೆ. ಓದಿಸಿದ ಮನೆಗೆ ಕೊಡೋದು ದಾನವಲ್ಲ, ಸಾಲದ ಕಂತು.