ವಿಜ್ಞಾನಕಥಾನಾಯಕನ ಶೋಕ

ಭರತನು ಕರುಣವನ್ನು ನಿರಪೇಕ್ಷಭಾವವೆಂದೂ ವಿಪ್ರಲಂಭವನ್ನು ಸಾಪೇಕ್ಷಭಾವವೆಂದೂ ವಿಂಗಡಿಸಿರುವನು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಕರ್ಣ, ದುಶ್ಶಾಸನರ ಕಳೇಬರಗಳೆದುರು ಮರುಗುವುದು ನಿರಪೇಕ್ಷವೇ ಸರಿ, ಸತ್ತವರು ಮರಳರು. ಅವನಲ್ಲಿ ಅಪರಾಧ ಮೊದಲು, ಶೋಕ ಅನಂತರ.

2008ರಿಂದ 2013ರ ವರೆಗೆ ಅಮೆರಿಕದ ದೂರದರ್ಶನದಲ್ಲಿ ಪ್ರಸಾರವಾದ ‘ಫ್ರಿಂಜ್’ ಎಂಬ ವಿಜ್ಞಾನಕಥಾಮಾಲಿಕೆಯಲ್ಲಾದರೋ ಈ ಕ್ರಮವು ತಿರುಗಿತು. ವಿಜ್ಞಾನಿ ವಾಲ್ಟರ್ ಬಿಷಪ್ ಎಂಬವನು ಮಗನನ್ನು ಕಳೆದುಕೊಂಡು, 1985ರಲ್ಲಿ ಪ್ರತಿಲೋಕಕ್ಕೆ ದಾಟಿ, ಅದೇ ರೋಗದಿಂದ ಸಾಯಲಿದ್ದ ಅಲ್ಲಿಯ ತದ್ರೂಪ ಬಾಲಕ ಪೀಟರನನ್ನು ಚಿಕಿತ್ಸೆಗೆಂದು ತಂದನು. ಗುಣವಾದ ಮೇಲೆ ಹಿಂದಿರುಗಿಸಲಿಲ್ಲ. ಲೋಕಗಳ ನಡುವಣ ತೆರೆ ಹರಿದು ಅಲ್ಲಿಯ ಜಗತ್ತು ಶಿಥಿಲವಾಯಿತು. ಯಂತ್ರವರ್ಣನೆ ಅತಿಯಾಯಿತೆನ್ನಬೇಕು, ಆದರೂ ಕಥಾಬೀಜವು ಯಂತ್ರವಲ್ಲ, ತಂದೆಯ ಅಳಲು. ಕರುಣಕ್ಕೆ ಸಲ್ಲದ ಅಪೇಕ್ಷೆಯನ್ನು ವಿಜ್ಞಾನವು ಅವನಲ್ಲಿ ಹುಟ್ಟಿಸಿತು. ಅದೇ ಅಪರಾಧಕ್ಕೆ ಹೇತು. ಬೆಳೆದ ಪೀಟರನು ಇದನ್ನರಿತು ಅವನನ್ನು ತೊರೆಯುವ ಭಾಗವನ್ನೇ ಮಾಲಿಕೆಯ ಉತ್ತಮಾಂಶವೆಂದು ನಾವೆಣಿಸುತ್ತೇವೆ.