ಹಕ್ಕಿಮನೆಯ ನಕ್ಷೆ ಕೊಳದ ತಳದಲ್ಲಿದೆ

ಮೃಗಾಲಯದಲ್ಲಿ ಜನ ಒಳಹೊಕ್ಕು ನಡೆದು ನೋಡುವ ಹಕ್ಕಿಮನೆ ಕಟ್ಟುವಾಗ ಮೊದಲು ಬರುವುದು ಎತ್ತರದ ಮಾತು: ಕಂಬ ಎಷ್ಟು ಅಡಿ, ಬಲೆ ಎಷ್ಟು ಎಕರೆ. ನೀರುಹಕ್ಕಿಗಳ ಮಟ್ಟಿಗೆ ಈ ಲೆಕ್ಕ ತಲೆಕೆಳಗು. ಅವುಗಳ ಮನೆಯನ್ನು ಕೊಳದ ತಳದಿಂದ ಯೋಚಿಸುತ್ತ ಬರಬೇಕು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದ ಹಳೆಯ ಪಂಜರವೇ ಇದಕ್ಕೆ ಸಾಕ್ಷಿ. 1904ರ ವಿಶ್ವಮೇಳಕ್ಕೆಂದು ಸ್ಮಿತ್‌ಸೋನಿಯನ್ ಸಂಸ್ಥೆ ಕಟ್ಟಿಸಿದ ಇದು 228 ಅಡಿ ಉದ್ದ, 84 ಅಡಿ ಅಗಲ, 50 ಅಡಿ ಎತ್ತರ. ಮೇಳ ಮುಗಿದ ಮೇಲೆ ನಗರಾಡಳಿತ 3,500 ಡಾಲರಿಗೆ ಕೊಂಡುಕೊಂಡಿತು. ಇಂದು ಅದರೊಳಗೆ ಸೈಪ್ರೆಸ್ ಮರಗಳ ಜೌಗು ನೆಲವಿದೆ, ಆ ಜೌಗಿನ ಹಕ್ಕಿಗಳಿವೆ. ಪಂಜರ ಹಳೆಯದೇ, ಹೊಸ ಬಾಳು ಬಂದದ್ದು ನೆಲ ಬದಲಾದದ್ದರಿಂದ.

ನೀರುಹಕ್ಕಿಗಳು ಕೊಳವನ್ನು ಆಳದ ಲೆಕ್ಕದಲ್ಲಿ ಹಂಚಿಕೊಂಡು ಬಾಳುತ್ತವೆ. ಗದ್ದೆಗೊರವಕ್ಕೆ ಹಸಿ ಕೆಸರಿನ ಅಂಚು ಸಾಕು. ಮೆಟ್ಟುಗಾಲು ಹಕ್ಕಿ ಇನ್ನೊಂದಿಷ್ಟು ಆಳಕ್ಕೆ ಇಳಿಯುತ್ತದೆ. ಚಮಚದ ಕೊಕ್ಕು ಎಂಬ ಹಕ್ಕಿ ಬಾಯನ್ನು ಅರೆತೆರೆದು ಎಡಬಲಕ್ಕೆ ಬೀಸುತ್ತ ಸಾಗಲು ತೆಳುನೀರಿನ ಹರವು ಬೇಕು. ದೇವನಕ್ಕಿ ತೇಲುವ ಎಲೆಗಳ ಮೇಲೆ ನಡೆದಾಡಿ ಅಲ್ಲಿಯೇ ಮೊಟ್ಟೆಯಿಡುತ್ತದೆ. ನೀರುಕಾಗೆಗೆ ಮುಳುಗಿ ಮೀನು ಹಿಡಿಯುವಷ್ಟು ಆಳ ಬೇಕು. ಒಂದೇ ಆಳದ ಸಿಮೆಂಟ್ ತೊಟ್ಟಿಯಲ್ಲಿ ಇವಕ್ಕೆಲ್ಲ ಜಾಗವಿಲ್ಲ. ನಿಧಾನವಾಗಿ ಇಳಿಯುವ ದಂಡೆಯಲ್ಲಿ ಇದೆ. ಗಟ್ಟಿ ಸಿಮೆಂಟಿನ ಮೇಲೆಯೇ ದಿನವಿಡೀ ನಿಂತರೆ ಉದ್ದಕಾಲಿನ ಹಕ್ಕಿಗಳ ಪಾದದಡಿ ಹುಣ್ಣಾಗುವುದೂ ಉಂಟು. ಆದ್ದರಿಂದ ಮರಳು, ಮೆತ್ತನೆಯ ಮಣ್ಣು ಅಲಂಕಾರಕ್ಕಲ್ಲ, ಆರೋಗ್ಯಕ್ಕೆ.

ಬಣ್ಣದ ಕೊಕ್ಕರೆ ಮರದ ತುದಿಯಲ್ಲಿ ಗೂಡು ಕಟ್ಟುತ್ತದಲ್ಲ, ಎತ್ತರ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ಆದರೆ ಕೊಕ್ಕರೆಬೆಳ್ಳೂರಿನ ಮರಗಳಿಗೆ ಅದು ಬರುವುದು ಸುತ್ತಲಿನ ಕೆರೆ, ಹೊಳೆಗಳಲ್ಲಿ ಮೀನು ಸಿಗುವುದರಿಂದ. ಕೆಳಗೆ ತಕ್ಕ ನೀರಿಲ್ಲದ ಎತ್ತರ ಬರೀ ಕೂರುವ ಕೊಂಬೆಯಾಗುತ್ತದೆ. ಹಕ್ಕಿಗಳಿಗೆ ಇಷ್ಟು ಜಾಗ ಬಿಟ್ಟರೆ ಟಿಕೆಟ್ ಕೊಂಡವರಿಗೆ ಏನು ಕಾಣುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಉತ್ತರ ಅದೇ ದಂಡೆಯಲ್ಲಿದೆ. ಮೇಯಲು ಹಕ್ಕಿ ತೆಳುನೀರಿಗೇ ಬರಬೇಕು. ಜನರ ಹಾದಿ ಅದರ ಒಂದು ಬದಿಗೆ ಹತ್ತಿರವಾಗಿ ಹಾಯಲಿ. ಕೊಳವನ್ನು ಸುತ್ತುವರಿಯುವುದು ಬೇಡ. ಎದುರು ದಡಕ್ಕೆ ಸರಿಯಬಲ್ಲೆ ಎಂಬ ಧೈರ್ಯವಿದ್ದ ಹಕ್ಕಿಯೇ ಈ ದಡದಲ್ಲಿ ನಿರಾಳವಾಗಿ ಮೇಯುತ್ತದೆ.

ಹೆಚ್ಚು ತೂಕದ ಆಕ್ಷೇಪ ರೋಗದ್ದು. ಹಕ್ಕಿಜ್ವರ ಬಂದು 2017ರ ಜನವರಿಯಲ್ಲಿ ಮೈಸೂರು ಮೃಗಾಲಯದ ಬಾಗಿಲೇ ಮುಚ್ಚಬೇಕಾಯಿತು. ಬಲೆ ಹೊರಗಿನ ಹಕ್ಕಿಯನ್ನು ತಡೆದೀತು, ಅದರ ಹಿಕ್ಕೆಯನ್ನು ತಡೆಯದು. ಇದನ್ನು ಕಡೆಗಣಿಸುವಂತಿಲ್ಲ. ಮೇವಿಡುವ ಕಡೆ ಗಟ್ಟಿ ಸೂರು ಬೇಕು. ಕೊಳವನ್ನು ಭಾಗ ಮಾಡಿ, ಒಂದೊಂದನ್ನೇ ಬರಿದು ಮಾಡಿ ತೊಳೆಯುವಂತಿರಬೇಕು. ಇವೂ ಮೊದಲೇ ಕೊಳದ ನಕ್ಷೆಯಲ್ಲಿ ಮೂಡಬೇಕಾದ ಗೆರೆಗಳು. ನೀರುಹಕ್ಕಿಗಳಿಗೆ ಮನೆ ಕಟ್ಟುವವರು ಕಂಬಗಳ ಹಾಳೆಯನ್ನು ಆಮೇಲೆ ಬಿಡಿಸಲಿ, ಆಳದ ಗೆರೆಗಳ ಹಾಳೆಯನ್ನು ಮೊದಲು ಹಾಸಲಿ.