ಬೂದಿಕೋಟೆ ವಂಶದ ಹುಡುಗಿಗೆ ಎಷ್ಟು ಅಂಕ?

ರಾಬರ್ಟ್‌ಸನ್‌ಪೇಟೆಯ ಒಂದು ಮಹಡಿ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಐವರು ಹುಡುಗ ಹುಡುಗಿಯರು ಸೇರುತ್ತಾರೆ. ಪಾತ್ರವಾಗಿ ಮಾತಾಡುತ್ತ ಆಡುವ ಆಟ, ಅದನ್ನು ನಡೆಸುವ ಹೊಣೆ ನನ್ನದು. ಈ ಸಲ ಎರಡನೇ ಮಹಾಯುದ್ಧದ ಕಮಾಂಡೊ ಕಥೆ ಆಡೋಣ ಎಂದು ಮಾತಾಗಿತ್ತು. ಅವರವರ ಪಾತ್ರವನ್ನು ಅವರವರೇ ಬರೆದು ತರಬೇಕು. ತಂದರು. ಐದೂ ಹಾಳೆ ಓದಿದೆ. ಐದೂ ಪಾತ್ರಗಳು ಅನಾಥರು.

“ಯಾಕ್ರಪ್ಪಾ, ಒಬ್ಬರಿಗೂ ಅಪ್ಪ ಅಮ್ಮ ಇಲ್ವಾ?” ಎಂದೆ.

“ಮನೆಯವ್ರು ಇದ್ರೆ ಮಿಷನ್‌ಗೆ ತೊಂದ್ರೆ ಸಾರ್,” ಎಂದ ಒಬ್ಬ. ಉಳಿದವರು ಹೌದೆಂದು ತಲೆಯಾಡಿಸಿದರು.

ಈ ಒಂದು ಮಾತಿನಲ್ಲಿ ಯುದ್ಧದ ಕಥೆಗಳ ಬಗ್ಗೆ ನಮಗಿರುವ ನಂಬಿಕೆ ಪೂರ್ತಿ ಅಡಗಿದೆ. ಕಮಾಂಡೊ ಎಂದರೆ ಹಿಂದೆ ಮುಂದೆ ಯಾರೂ ಇಲ್ಲದವನು, ಹೆದರಿಕೆ ಗೊತ್ತಿಲ್ಲದವನು, ಒಂದು ವಿದ್ಯೆಯಲ್ಲಿ ಪಳಗಿದವನು. ಒಬ್ಬ ಗುರಿಕಾರ, ಒಬ್ಬ ಸಿಡಿಮದ್ದಿನವನು, ಒಬ್ಬ ವೈರ್‌ಲೆಸ್‌ನವನು, ಒಬ್ಬ ನಾಯಕ: ಇಷ್ಟಾದರೆ ತಂಡ ತಯಾರು. ಈ ನಂಬಿಕೆ ತಪ್ಪು ಎಂದು ನನ್ನ ವಾದ. ಆಟಕ್ಕೂ ಅದು ಒಳ್ಳೆಯದಲ್ಲ, ಚರಿತ್ರೆಗೂ ಹೊಂದುವುದಿಲ್ಲ. ಅದರಲ್ಲೂ ಈ ಚಿನ್ನದ ಗಣಿಯ ಊರು ಕೆಜಿಎಫ್‌ನಲ್ಲಿ ಹುಟ್ಟಿದ ಮಕ್ಕಳು ಅದನ್ನು ಒಪ್ಪಿಕೊಂಡು ಕೂತಿದ್ದಾರೆಂಬುದು ನನಗೆ ನಿಜವಾಗಿ ನೋವು ತರುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಹಲಗೆಯಿಲ್ಲ, ಕಾಯಿಗಳಿಲ್ಲ. ಒಬ್ಬರು ಸನ್ನಿವೇಶವನ್ನು ಬಾಯಲ್ಲಿ ಕಟ್ಟಿಕೊಡುತ್ತಾರೆ, ಉಳಿದವರು ತಮ್ಮ ಪಾತ್ರವಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ, ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. 1974ರಲ್ಲಿ ಅಮೆರಿಕದಲ್ಲಿ ಅಚ್ಚಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಇದು ಹಬ್ಬಿತು. ಅದು ಹುಟ್ಟಿದ್ದು ಯುದ್ಧದಾಟಗಳ ಹೊಟ್ಟೆಯಲ್ಲಿ. ಹಾಗಾಗಿ ಶಕ್ತಿಗೆ ಇಷ್ಟು, ಚುರುಕಿಗೆ ಇಷ್ಟು ಎಂದು ಮನುಷ್ಯನಿಗೆ ಅಂಕ ಹಾಕುವ ಅಭ್ಯಾಸ ಮೊದಲಿನಿಂದಲೂ ಇದೆ. 1982ರಲ್ಲಿ ಫಾಸಾ ಕಂಪನಿ ‘ಬಿಹೈಂಡ್ ಎನಿಮಿ ಲೈನ್ಸ್’ ತಂದು ಎರಡನೇ ಮಹಾಯುದ್ಧವನ್ನೂ ಈ ಮೇಜಿಗೆ ಎಳೆಯಿತು. ಅಷ್ಟರಲ್ಲಾಗಲೇ ಅಲಿಸ್ಟೇರ್ ಮ್ಯಾಕ್‌ಲೀನ್‌ನ ‘ದಿ ಗನ್ಸ್ ಆಫ್ ನ್ಯಾವರೋನ್’ ಮತ್ತು 1967ರ ‘ದಿ ಡರ್ಟಿ ಡಜನ್’ ಸಿನಿಮಾ ಕಮಾಂಡೊ ತಂಡದ ಅಚ್ಚನ್ನು ಎರಕ ಹೊಯ್ದಿದ್ದವು. ನಮ್ಮ ಹುಡುಗರಿಗೆ ಅದರ ಮೇಲೆ 2018ರ ‘ಕೆ.ಜಿ.ಎಫ್’ ಸಿನಿಮಾ. ಅದರ ನಾಯಕ ರಾಕಿ ತಾಯಿಗೆ ಕೊಟ್ಟ ಮಾತಿದೆ, ನಿಜ. ಆದರೆ ಆ ತಾಯಿ ಸತ್ತಿದ್ದಾಳೆ. ಸತ್ತವರನ್ನು ಶತ್ರು ಹಿಡಿದುಕೊಂಡು ಹೋಗಲಾರ. ಎಷ್ಟು ದೊಡ್ಡದಾದರೂ ಅದು ಯಾರೂ ನೋಯಿಸಲಾಗದ ಋಣ.

ಈ ಅಚ್ಚಿಗೆ ಒಗ್ಗದ ಒಬ್ಬಳನ್ನು ಕಾಣಲು ಈಗ ಬಂಗಾರಪೇಟೆಯಿಂದ ಬಸ್ಸು ಹತ್ತಿ ಬೂದಿಕೋಟೆಗೆ ಹೋಗೋಣ. ಹೈದರಾಲಿ ಹುಟ್ಟಿದ ಊರು. ಅವನ ಮಗ ಟಿಪ್ಪು, ಆ ವಂಶದಲ್ಲಿ ಹಲವು ತಲೆಮಾರು ಕಳೆದ ಮೇಲೆ ಬಂದವಳು ಎನ್ನಲಾಗುವವಳು ನೂರ್ ಇನಾಯತ್ ಖಾನ್. ತಂದೆ ಬರೋಡದಲ್ಲಿ ಹುಟ್ಟಿದ ಸಂಗೀತಗಾರ, ಸೂಫಿ ಗುರು, ತಾಯಿ ಅಮೆರಿಕದವಳು. ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ಬೆಳೆದದ್ದು ಪ್ಯಾರಿಸ್ ಬಳಿ. ವೀಣೆ ನುಡಿಸುತ್ತಿದ್ದಳು, ಮಕ್ಕಳಿಗಾಗಿ ಜಾತಕ ಕಥೆಗಳನ್ನು ಬರೆದು 1939ರಲ್ಲಿ ಪುಸ್ತಕ ಮಾಡಿದ್ದಳು. ಫ್ರಾನ್ಸ್ ಬಿದ್ದ ಮೇಲೆ ಇಂಗ್ಲೆಂಡಿಗೆ ಹೋಗಿ, ಗುಪ್ತ ಕಾರ್ಯಾಚರಣೆ ನಡೆಸುತ್ತಿದ್ದ ಬ್ರಿಟಿಷ್ ಸಂಸ್ಥೆ ಎಸ್‌ಒಇ ಸೇರಿದಳು.

ಅಲ್ಲಿನ ತರಬೇತುದಾರರು ಅವಳ ಬಗ್ಗೆ ಬರೆದದ್ದು ನಮ್ಮ ಪಾತ್ರದ ಹಾಳೆಗಳಂತೆಯೇ ಇದೆ. ಆಯುಧ ಕಂಡರೆ ಹಿಂಜರಿಕೆ. ಸುಳ್ಳು ಹೇಳಲು ಬಾರದು. ಭಾವುಕಳು, ಬುದ್ಧಿ ಅಷ್ಟಕ್ಕಷ್ಟೇ, ಈ ಕೆಲಸಕ್ಕೆ ತಕ್ಕವಳಲ್ಲ. ನಮ್ಮ ಮೇಜಿನಲ್ಲಾಗಿದ್ದರೆ ಯಾರೂ ಆ ಹಾಳೆಯನ್ನು ಆರಿಸಿಕೊಳ್ಳುತ್ತಿರಲಿಲ್ಲ. ಆದರೆ ವೈರ್‌ಲೆಸ್ ಬಲ್ಲವರ ಕೊರತೆಯಿತ್ತು. 1943ರ ಜೂನ್‌ನಲ್ಲಿ ರಾತ್ರೋರಾತ್ರಿ ಪುಟ್ಟ ವಿಮಾನದಲ್ಲಿ ಅವಳನ್ನು ಫ್ರಾನ್ಸಿಗೆ ಕಳಿಸಿದರು. ಕೆಲವೇ ದಿನಗಳಲ್ಲಿ ಪ್ಯಾರಿಸ್‌ನ ಗುಪ್ತ ಜಾಲ ಕುಸಿಯಿತು, ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ವಾಪಸ್ಸು ಬಾ ಎಂದು ಲಂಡನ್ ಕರೆದರೂ ಅವಳು ಹೊರಡಲಿಲ್ಲ. ತಾನು ಹೊರಟರೆ ಉಳಿದ ಸಂಗಾತಿಗಳಿಗೆ ಲಂಡನ್ ಜೊತೆ ಮಾತಾಡುವ ದಾರಿ ಇರುವುದಿಲ್ಲ ಎಂಬುದು ಅವಳ ಲೆಕ್ಕ. ಅಕ್ಟೋಬರ್‌ವರೆಗೂ ಮನೆಯಿಂದ ಮನೆಗೆ ಯಂತ್ರ ಹೊತ್ತು ಸಂದೇಶ ಕಳಿಸುತ್ತಲೇ ಇದ್ದಳು.

ಅವಳ ತಪ್ಪನ್ನೂ ಹೇಳಬೇಕು. ಕಳಿಸಿದ ಸಂದೇಶಗಳನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಳು. ಅವಳು ಸಿಕ್ಕಾಗ ಅದೂ ಜರ್ಮನರಿಗೆ ಸಿಕ್ಕಿತು. ಅದನ್ನಿಟ್ಟುಕೊಂಡು ಅವಳ ಹೆಸರಿನಲ್ಲೇ ಲಂಡನ್ನಿಗೆ ಸುಳ್ಳು ಸಂದೇಶ ಕಳಿಸಿದರು. ನಂಬಿ ಇಳಿದವರು ನೇರ ಅವರ ಕೈಗೆ ಬಿದ್ದರು. ಆದರೆ ವಿಚಾರಣೆಯಲ್ಲಿ ಅವಳಿಂದ ಏನೂ ಹೊರಡಲಿಲ್ಲ ಎಂದು ಯುದ್ಧ ಮುಗಿದ ಮೇಲೆ ಜರ್ಮನ್ ಅಧಿಕಾರಿಯೇ ಹೇಳಿದ. ತಪ್ಪಿಸಿಕೊಳ್ಳಲು ಎರಡು ಸಲ ಯತ್ನಿಸಿದಳು. ಇನ್ನು ಓಡುವುದಿಲ್ಲ ಎಂದು ಬರೆದುಕೊಡು ಎಂದರೆ ಒಪ್ಪಲಿಲ್ಲ. ಸರಪಳಿಯಲ್ಲಿ ತಿಂಗಳುಗಟ್ಟಲೆ ಇಟ್ಟರು. 1944ರ ಸೆಪ್ಟೆಂಬರ್ 13ರಂದು ಡಾಖೌ ಶಿಬಿರದಲ್ಲಿ ಕೊಂದರು. 1949ರಲ್ಲಿ ಬ್ರಿಟನ್ನಿನ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂತು.

ಸುಳ್ಳು ಹೇಳಲಾರದ ಆ ಸ್ವಭಾವವೇ ಅವಳನ್ನು ಬರೆದುಕೊಡದಂತೆ ತಡೆಯಿತು ಎಂದು ನನಗೆ ಅನ್ನಿಸುತ್ತದೆ. ಓಡುವ ಮನಸ್ಸಿತ್ತು, ಇಲ್ಲವೆಂದು ಸಹಿ ಹಾಕುವುದು ಹೇಗೆ? ತರಬೇತುದಾರರು ಯಾವುದಕ್ಕೆ ಅಂಕ ಕಳೆದಿದ್ದರೋ ಅದೇ ಅವಳ ಬೆನ್ನೆಲುಬಾಯಿತು. ಅವಳನ್ನು ನಿಲ್ಲಿಸಿದ್ದು ಒಂಟಿತನವೂ ಅಲ್ಲ, ಗುರಿಯ ನಿಖರತೆಯೂ ಅಲ್ಲ. ಯಾರನ್ನೋ ನಡುನೀರಿನಲ್ಲಿ ಬಿಟ್ಟು ಬರಲಾರೆ ಎಂಬ ಋಣ.

ನಮ್ಮ ಗಣಿಗಳಿಗೂ ಇದು ಗೊತ್ತಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಕೆಳಗೆ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಒತ್ತಡ ತಾಳದೆ ಬಂಡೆ ಸಿಡಿದರೆ ಅದನ್ನು ‘ಏರ್ ಬ್ಲಾಸ್ಟ್’ ಎನ್ನುತ್ತಿದ್ದರು. ಮೇಲೆ ಕಾರ್ಮಿಕರ ಲೈನು ಮನೆಗಳಲ್ಲಿ ಪಾತ್ರೆ ಅಲುಗಿದರೆ ಹೆಂಗಸರು ಶಾಫ್ಟಿನ ಬಾಯಿಗೆ ಓಡುತ್ತಿದ್ದರು. ಅಂಥ ಕಡೆ ಡ್ರಿಲ್ ಹಿಡಿಯುವವನೊಬ್ಬ, ಮರದ ಆಸರೆ ಕೊಡುವವನೊಬ್ಬ ಇದ್ದರೂ ಬಂಡೆಯ ಸದ್ದು ಕೇಳುವ ವಿದ್ಯೆ ಎಲ್ಲರಿಗೂ ಬೇಕು. ‘ಅದು ನನ್ನ ಕೆಲಸವಲ್ಲ’ ಎಂದು ಕಿವಿ ಮುಚ್ಚಿಕೊಂಡವನು ಇಡೀ ಗ್ಯಾಂಗನ್ನು ಕಳೆಯುತ್ತಾನೆ. ಕಮಾಂಡೊ ತಂಡಕ್ಕೂ ಇದೇ ಮಾತು. ಉಳಿವಿನ ವಿದ್ಯೆ ಎಲ್ಲರಲ್ಲೂ ಒಂದೇ ಇರಲಿ. ಯಾರು ಯಾರಿಗೆ ಬಾಧ್ಯರು ಎಂಬಲ್ಲಿ ಪಾತ್ರಗಳು ಬೇರೆಯಾಗಲಿ.

ಇನ್ನೊಂದು ಹಟ, ಕಮಾಂಡೊ ಎಂದರೆ ಬ್ರಿಟಿಷ್ ಟೋಪಿ ಹಾಕಿದವನೇ ಎಂಬುದು. 1942ರ ಸೆಪ್ಟೆಂಬರ್‌ನಲ್ಲಿ ಮಲಬಾರಿನ ತಾನೂರು ಕಡಲತೀರಕ್ಕೆ ಜಪಾನಿ ಜಲಾಂತರ್ಗಾಮಿಯಿಂದ ಇಳಿದವರು, ಬ್ರಿಟಿಷರ ವಿರುದ್ಧ ಪೆನಾಂಗ್‌ನಲ್ಲಿ ತರಬೇತಿ ಪಡೆದ ನಮ್ಮದೇ ಹುಡುಗರು. ಸಿಕ್ಕಿಬಿದ್ದರು. ಅವರಲ್ಲೊಬ್ಬನಾದ ವಕ್ಕಂ ಖಾದರ್ ಮತ್ತು ಅವನ ಕೆಲವು ಸಂಗಾತಿಗಳನ್ನು 1943ರ ಸೆಪ್ಟೆಂಬರ್ 10ರಂದು ಮದ್ರಾಸ್ ಜೈಲಿನಲ್ಲಿ ಗಲ್ಲಿಗೇರಿಸಿದರು. ನೂರ್ ಪ್ಯಾರಿಸ್‌ನಲ್ಲಿ ಬ್ರಿಟಿಷರಿಗಾಗಿ ಅಡಗಿದ್ದ ತಿಂಗಳೇ ಅದು. ಎರಡನ್ನೂ ಒಟ್ಟಿಗೆ ಎದೆಯಲ್ಲಿಟ್ಟುಕೊಳ್ಳಲಾರದವರು 1942ರ ಭಾರತದ ಪಾತ್ರ ಬರೆಯುವುದು ಕಷ್ಟ.

ಅದಕ್ಕೇ ನಾನು ಆ ಐದು ಹಾಳೆಗಳನ್ನು ಮಡಚಿಟ್ಟು ಬೇರೆ ಕಥೆ ಮುಂದಿಟ್ಟೆ. ಇದು ಕಲ್ಪನೆ, ನೆಲ ಮಾತ್ರ ನಿಜ. 1942. ಅಂಥದೇ ಇನ್ನೊಂದು ತಂಡ ಕಡಲು ದಾಟಿ ಬಂದು ರೈಲಿನಲ್ಲಿ ಬೌರಿಂಗ್‌ಪೇಟೆಯಲ್ಲಿ ಇಳಿಯುತ್ತದೆ. ಬಂಗಾರಪೇಟೆಗೆ ಆಗ ಅದೇ ಹೆಸರು. ಗಣಿಯ ಕಡೆ ಹೋಗುವ ಮಾರಿಕುಪ್ಪಂ ಗಾಡಿಗೆ ಕಾಯಬೇಕು. ಗುರಿ ವಿದ್ಯುತ್ ತಂತಿ. ಶಿವನಸಮುದ್ರದಿಂದ ಗಣಿಗೆ 92 ಮೈಲಿ ಎಳೆದ ಆ ತಂತಿಯಲ್ಲಿ 1902ರಲ್ಲಿ ಕರೆಂಟು ಬಂತು. ಅಷ್ಟು ಉದ್ದದ ತಂತಿಗೆ ಎಲ್ಲಿ ಅಂತ ಕಾವಲು ಹಾಕುತ್ತಾರೆ? ಕತ್ತರಿಸುವುದು ಸುಲಭ. ಕತ್ತರಿಸಿದರೆ ಬ್ರಿಟಿಷರ ಚಿನ್ನ ನಿಲ್ಲುತ್ತದೆ. ನೀರೆತ್ತುವ ಪಂಪು, ಗಾಳಿ ಒತ್ತುವ ಯಂತ್ರಗಳೂ ನಿಲ್ಲುತ್ತವೆ, ಕೆಳಗೆ ಸಾವಿರಾರು ಜನ ಇರುವಾಗ.

ಇಲ್ಲಿ ಅನಾಥ ಗುರಿಕಾರನಿಗೆ ಏನು ಕೆಲಸ? ದಾಳ ಉರುಳಿಸುತ್ತಾನೆ, ತಂತಿ ಬೀಳುತ್ತದೆ, ಆಟ ಮುಗಿಯುತ್ತದೆ. ಅದೇ ತಂಡದಲ್ಲಿ ಗಣಿಯ ಹಳೆ ಕಾರ್ಮಿಕನೊಬ್ಬನಿದ್ದರೆ? 1930ರಲ್ಲಿ ಇಲ್ಲಿನ ಕಾರ್ಮಿಕರು ಬೆರಳಚ್ಚು ನೋಂದಣಿಯ ವಿರುದ್ಧ ಮುಷ್ಕರ ಹೂಡಿದರು. ಆ ಸಿಟ್ಟು ಹೊತ್ತೇ ಅವನು ಮಲಯಾಕ್ಕೆ ಹೋಗಿ ಈ ತಂಡ ಸೇರಿದ್ದಾನೆ ಎಂದುಕೊಳ್ಳಿ. ಅವನ ಹೆಬ್ಬೆರಳಿನ ಗುರುತು ಇನ್ನೂ ಕಂಪನಿಯ ಕಡತದಲ್ಲಿರಬಹುದು. ಅವನ ಸಿಟ್ಟು ನ್ಯಾಯವಾದದ್ದೇ. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರನ್ನು ಕಳೆದುಕೊಳ್ಳಲಿರುವ ಊರು ಇದು. ಆದರೆ ಅವನ ತಮ್ಮ ಈಗಲೂ ಕೆಳಗೆ ಇಳಿಯುತ್ತಾನೆ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಎಲ್ಲರಿಗೂ ಬೇರೆಬೇರೆ ವಿದ್ಯೆ ಕೊಡುವುದು ಮೇಜಿನಲ್ಲಿ ಎಲ್ಲರಿಗೂ ಸರದಿ ಸಿಗಲೆಂದು. ಮಾತು ಕಡಿಮೆಯ ಹುಡುಗಿಗೂ ‘ಈಗ ನೀನೇ ಬೇಕು’ ಎನ್ನುವ ಗಳಿಗೆ ಬರಲೆಂದು. ಅದು ಬೇಕು. ಆದರೆ ಸರದಿ ಕೊಡುವುದು ವಿದ್ಯೆಯೊಂದೇ ಅಲ್ಲ. ಜೇಸನ್ ಮಾರ್ನಿಂಗ್‌ಸ್ಟಾರ್ ಬರೆದ ‘ಗ್ರೇ ರ‍್ಯಾಂಕ್ಸ್’ ಎಂಬ ಆಟದಲ್ಲಿ 1944ರ ವಾರ್ಸಾ ದಂಗೆಯ ಹದಿಹರೆಯದವರಾಗಿ ಆಡಬೇಕು. ಅಲ್ಲಿ ಪ್ರತಿ ಪಾತ್ರಕ್ಕೂ ಕಳೆದುಕೊಳ್ಳಲು ಒಲ್ಲದ ಏನೋ ಒಂದು ಇರುತ್ತದೆ. ಸೋವಿಯತ್ ಮಹಿಳಾ ವೈಮಾನಿಕರ ಕುರಿತ ಅವನ ‘ನೈಟ್ ವಿಚಸ್’ ಆಟದಲ್ಲಿ ವಿಮಾನ ಹಾರಿಸುವುದೆಷ್ಟು ಮುಖ್ಯವೋ ಹಗಲು ನೆಲದ ಮೇಲೆ ಒಬ್ಬರನ್ನೊಬ್ಬರು ಸಹಿಸುವುದೂ ಅಷ್ಟೇ ಮುಖ್ಯ. ಸರದಿಗೇನೂ ಕೊರತೆಯಾಗುವುದಿಲ್ಲ.

ಮುಂದಿನ ವಾರ ಹೊಸ ಹಾಳೆಗಳು ಬಂದವು. ಅಂಕಗಳ ಜಾಗದಲ್ಲಿ ನಾನು ಒಂದೇ ಪ್ರಶ್ನೆ ಕೊಟ್ಟಿದ್ದೆ: ನೀನು ಸಿಕ್ಕಿಬಿದ್ದರೆ ಪೊಲೀಸರು ಮೊದಲು ಯಾರ ಮನೆ ಬಾಗಿಲು ತಟ್ಟುತ್ತಾರೆ? ಒಬ್ಬಳು ಮಾರಿಕುಪ್ಪಂನ ಅತ್ತೆಯ ಮನೆ ಎಂದು ಬರೆದಿದ್ದಳು. ಇನ್ನೊಬ್ಬ ತನ್ನ ತಾತನಿಂದ ಕೇಳಿದ ಲೈನು ಮನೆಯನ್ನೇ ಇಟ್ಟಿದ್ದ, ಒಂದೇ ಕೋಣೆ, ಬಿದಿರು ತಟ್ಟಿಯ ಗೋಡೆ. ಆಟ ಶುರುವಾಯಿತು. ಕತ್ತಲಾಗಿತ್ತು, ತಂತಿಯ ಕಂಬ ಎದುರಿಗಿತ್ತು, ಕಟರ್ ಕೈಯಲ್ಲಿತ್ತು. ಹಿಂದಿನ ವಾರ ಮನೆಯವರಿದ್ದರೆ ತೊಂದರೆ ಎಂದಿದ್ದ ಹುಡುಗನ ಸರದಿ. ಅವನು ದಾಳ ಕೈಗೆತ್ತಿಕೊಂಡು, ಮತ್ತೆ ಮೇಜಿನ ಮೇಲಿಟ್ಟ.

“ಸಾರ್, ರಾತ್ರಿ ಶಿಫ್ಟ್‌ನವ್ರು ಎಷ್ಟು ಗಂಟೆಗೆ ಮೇಲೆ ಬರ್ತಾರೆ?”